ಮನೆವಾರ್ತೆ: ಮೋಟಾರಿನ ತಾಪಸೂಚಕವೂ ಅದರ ತಂತಿಯೂ

ಬಾವಿಯ ರಾಟೆ, ಅಡುಗೆಯ ಒಲೆ, ಮಳೆಗಾಲದ ಮಾಡು ಮೊದಲಾದುವನ್ನು ಕುರಿತು ಈ ಪುಟದಲ್ಲಿ ಬರೆಯುತ್ತ ಬಂದಿರುವ ನಾವು ಈ ತಿಂಗಳು ಮೋಟಾರು ಕಾರಿನ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ವಾಚಕರಲ್ಲಿ ಕೆಲವರು ಆಶ್ಚರ್ಯಪಡಬಹುದು. ಆದರೆ ಈಗ ಅನೇಕ ಗೃಹಸ್ಥರ ಮನೆಗಳಲ್ಲಿ ಕಾರೆಂಬುದು ಭೋಗವಸ್ತುವಾಗಿ ಉಳಿದಿಲ್ಲ. ಹಿಂದೆ ಕೊಟ್ಟಿಗೆಯಲ್ಲಿ ಎತ್ತಿನ ಜೋಡಿ ಇದ್ದಂತೆ ಅದೂ ಸಂಸಾರಕ್ಕೆ ಒಂದು ಆಧಾರವಾಗಿದೆ. ಅದು ನಿಂತರೆ ಮನೆಯಲ್ಲಿ ಏನೇನು ನಿಲ್ಲುವುದೆಂಬುದನ್ನು ಕಳೆದ ಆಷಾಢದಲ್ಲಿ ನಾವು ಚೆನ್ನಾಗಿ ಅರಿತೆವು.

ನಮ್ಮ ಮನೆಯಿರುವುದು ತೀರ್ಥಹಳ್ಳಿಯ ಸಮೀಪದಲ್ಲಿ. ವೃದ್ಧರಾದ ನಮ್ಮ ತಾಯಿಯವರನ್ನು ಚಿಕಿತ್ಸೆಗಾಗಿ ವಾರಕ್ಕೆ ಎರಡು ಸಲ ಸುಮಾರು ೬೦ ಕಿಲೋಮೀಟರು ದೂರದ ಶಿವಮೊಗ್ಗೆಗೆ ಕರೆದೊಯ್ಯಬೇಕಾಗಿದ್ದಿತು. ಒಂದು ದಿನ ದಾರಿಯಲ್ಲಿ ಮಂಡಗದ್ದೆಯ ಬಳಿ ಕಾಫಿಗೆಂದು ನಿಲ್ಲಿಸಿದ ಪೆಟ್ರೋಲ್ ಗಾಡಿ ಮತ್ತೆ ಹೊರಡಲೊಲ್ಲದಾಯಿತು. ಮುಂದಣ ಫಲಕದಲ್ಲಿ ಎಂಜಿನಿನ ಹಳದಿ ದೀಪ ಹತ್ತಿಕೊಂಡಿತು. ರೇಡಿಯೇಟರಿನ ಫ್ಯಾನು ಬಿಡುವಿಲ್ಲದೆ ಮೊರೆಯತೊಡಗಿತು. ಹೊರಗೆ ಜಡಿಮಳೆ. ಅರ್ಧ ಗಂಟೆಯ ಮೇಲೆ ಗಾಡಿಯೇನೋ ಕಪ್ಪು ಹೊಗೆ ಕಾರುತ್ತ ಹೊರಟಿತು. ಆದರೆ ಅಂದು ತಾಯಿಯವರ ಮುಖದಲ್ಲಿ ಕಂಡ ಆತಂಕವನ್ನು ನಾವು ಮರೆಯಲಾರೆವು.

ಗ್ಯಾರೇಜಿನವರು ಸ್ಕ್ಯಾನರನ್ನು ಸಿಕ್ಕಿಸಿ ನೋಡಿ, ಎಂಜಿನಿನ ನೀರಿನ ತಾಪವನ್ನು ತಿಳಿಸುವ ಸೆನ್ಸರು ಕೆಟ್ಟಿದೆಯೆಂದು ಹೇಳಿ ಹೊಸದನ್ನು ಹಾಕಿಕೊಟ್ಟರು. ನಾಲ್ಕನೆಯ ದಿನವೇ ದೀಪ ಪುನಃ ಹತ್ತಿತು. ಈ ಸಲ, ಎಂಜಿನನ್ನು ಆಳುವ ಕಂಪ್ಯೂಟರನ್ನೇ ಬದಲಿಸಬೇಕಾಗಬಹುದೆಂದರು. ಅವರು ಹೇಳಿದ ಮೊತ್ತ ನಮ್ಮ ಎರಡು ತಿಂಗಳ ಮನೆಖರ್ಚಿಗಿಂತ ಹೆಚ್ಚಾಗಿದ್ದಿತು. ಒಂದು ದಿನ ಅವಕಾಶ ಕೊಡಿರೆಂದು ಕೇಳಿಕೊಂಡು ಗಾಡಿಯನ್ನು ಮನೆಗೆ ತಂದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮ ಮನಸ್ಸಿನಲ್ಲಿ ಸುಳಿಯುತ್ತಿದ್ದಿತು.

ಮೊದಲು ಆ ಸೆನ್ಸರು ಕೆಲಸಮಾಡುವ ಬಗೆಯನ್ನು ತಿಳಿಯುವುದು ಯುಕ್ತ. ಅದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಹಿತ್ತಾಳೆಯ ತುಂಡು. ಅದರ ತುದಿಯೊಳಗೆ, ಬಿಸಿಯೇರಿದಂತೆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಕಡಮೆಮಾಡಿಕೊಳ್ಳುವ ವಸ್ತುವಿದೆ. ಕಂಪ್ಯೂಟರು ಒಂದು ತಂತಿಯ ಮೂಲಕ ೫ ವೋಲ್ಟನ್ನು ಕಳುಹಿಸುತ್ತದೆ. ಇನ್ನೊಂದು ತಂತಿ ಹಿಂದಿರುಗುವ ದಾರಿ. ಎಂಜಿನು ಬಿಸಿಯಾದಂತೆ ತಡೆ ಇಳಿಯುತ್ತದೆ, ವೋಲ್ಟೂ ಇಳಿಯುತ್ತದೆ. ಅದನ್ನು ನೋಡಿ ಕಂಪ್ಯೂಟರು ಪೆಟ್ರೋಲಿನ ಅಳತೆಯನ್ನು ನಿರ್ಧರಿಸುತ್ತದೆ. ತಂತಿ ಕಡಿದರೆ ವೋಲ್ಟು ಇಳಿಯುವುದೇ ಇಲ್ಲ. ಆಗ ಕಂಪ್ಯೂಟರಿಗೆ ಎಂಜಿನು ಸೊನ್ನೆಗಿಂತ ೪೦ ಡಿಗ್ರಿ ಕೆಳಗಿರುವಂತೆ ತೋರುತ್ತದೆ. ಮಲೆನಾಡಿನಲ್ಲಿ ಅಂತಹ ಚಳಿ ಎಲ್ಲಿಂದ ಬರಬೇಕು? ಆದರೂ ಆ ಸುಳ್ಳು ವರ್ತಮಾನವನ್ನು ನಂಬಿದ ಗಾಡಿ ಬಿಸಿಯಾದ ಎಂಜಿನಿಗೆ ಮಿತಿಮೀರಿ ಪೆಟ್ರೋಲನ್ನು ಸುರಿಯಬಹುದು. ವರ್ತಮಾನದಲ್ಲಿ ಸಂದೇಹ ಬಂದರೆ ಎಂಜಿನು ಕಾಯ್ದುಹೋಗದಿರಲೆಂದು ಫ್ಯಾನನ್ನು ಸದಾ ತಿರುಗಿಸುವುದೂ ಉಂಟು. ಮಂಡಗದ್ದೆಯಲ್ಲಿ ಆದುದು ಇದೇ.

ಇನ್ನು ಸ್ಕ್ಯಾನರಿನ ಮಾತು. ಅಮೆರಿಕದಲ್ಲಿ ೧೯೯೬ರಿಂದಲೂ ನಮ್ಮ ದೇಶದಲ್ಲಿ ೨೦೧೩ರಿಂದಲೂ ಹೊಸ ಕಾರುಗಳು ತಮ್ಮ ದೋಷವನ್ನು ತಾವೇ ಗುರುತಿಸಿ ಸಂಕೇತದಲ್ಲಿ ಹೇಳುವ ಏರ್ಪಾಡು ಕಡ್ಡಾಯವಾಗಿದೆ. ಸ್ಟಿಯರಿಂಗಿನ ಕೆಳಭಾಗದಲ್ಲಿರುವ ೧೬ ಕಡ್ಡಿಗಳ ಜಾಗಕ್ಕೆ ಸಿಕ್ಕಿಸುವ ಚಿಕ್ಕ ಸ್ಕ್ಯಾನರು ಈಗ ಗೃಹಸ್ಥನಿಗೂ ಎಟಕುವ ಬೆಲೆಗೆ ದೊರೆಯುತ್ತದೆ. ನಮ್ಮ ಗಾಡಿ ತೋರಿಸಿದ ಸಂಕೇತ ಪಿ ೦೧೧೮. ಇದರ ಅರ್ಥ ಸೆನ್ಸರು ಕೆಟ್ಟಿದೆಯೆಂದಲ್ಲ. ತಾಪದ ಸೆನ್ಸರಿನ ವಿದ್ಯುನ್ಮಂಡಲದಲ್ಲಿ ವೋಲ್ಟು ಮಿತಿಮೀರಿದೆ ಎಂದಷ್ಟೆ. ಮಂಡಲವೆಂದರೆ ಸೆನ್ಸರು, ಪ್ಲಗ್ಗು, ಎರಡು ತಂತಿಗಳು, ಕಂಪ್ಯೂಟರು ಇಷ್ಟೂ ಸೇರಿದ್ದು. ಸಂಕೇತವು ಬೀದಿಯನ್ನು ತೋರಿಸುತ್ತದೆ. ಮನೆಯನ್ನು ನಾವೇ ಹುಡುಕಬೇಕು. ಈ ಒಂದು ಮಾತನ್ನು ತಿಳಿಯದೆ ಹಣ ಕಳೆದುಕೊಳ್ಳುವವರು ಬಹಳ.

ನಾವು ಮಾಡಿದ ಪರೀಕ್ಷೆಗಳನ್ನು ಕ್ರಮವಾಗಿ ಹೇಳುವೆವು. ರಾತ್ರಿಯೆಲ್ಲ ತಣಿದ ಎಂಜಿನನ್ನು ಬೆಳಗ್ಗೆ ಚಾಲುಮಾಡದೆ, ಕೀಲಿಯನ್ನು ಮಾತ್ರ ತಿರುಗಿಸಿ ಸ್ಕ್ಯಾನರನ್ನು ನೋಡಿದೆವು. ಒಳಸೇರುವ ಗಾಳಿಯ ತಾಪ ೨೩ ಡಿಗ್ರಿ. ನೀರಿನ ತಾಪವೂ ೨೩. ಎರಡೂ ಸಮನಾಗಿರುವುದು ಸರಿಯಾದ ಲಕ್ಷಣ. ಬಳಿಕ ಎಂಜಿನನ್ನು ಚಾಲುಮಾಡಿ, ತಿರುಗುವ ಭಾಗಗಳಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟು, ಒಣಗಿದ ಮರದ ಕಡ್ಡಿಯಿಂದ ಸೆನ್ಸರಿನ ತಂತಿಯನ್ನು ಮೆಲ್ಲಗೆ ಅಲುಗಿಸಿದೆವು. ಒಡನೆಯೇ ಅಂಕ ಸೊನ್ನೆಗಿಂತ ೪೦ ಡಿಗ್ರಿ ಕೆಳಕ್ಕೆ ಬಿದ್ದು ಮತ್ತೆ ಮೇಲಕ್ಕೆ ಹಾರಿತು. ಮಳೆಗೂ ರಸ್ತೆಯ ಗುಂಡಿಗಳಿಗೂ ದೋಷ ಏಕೆ ಕಾಣಿಸಿಕೊಳ್ಳುತ್ತಿತ್ತೆಂಬುದು ಆಗ ತಿಳಿಯಿತು.

ಆದರೂ ಸೆನ್ಸರನ್ನು ಪರೀಕ್ಷಿಸದೆ ಬಿಡಲಿಲ್ಲ. ಗ್ಯಾರೇಜಿನವರು ಹಿಂದಕ್ಕೆ ಕೊಟ್ಟಿದ್ದ ಹಳೆಯ ಸೆನ್ಸರಿನ ತುದಿಯನ್ನು, ಅಡುಗೆಗೆ ಬಳಸದ ಒಂದು ಪಾತ್ರೆಯ ನೀರಿನಲ್ಲಿ ಅದ್ದಿ ಮಲ್ಟಿಮೀಟರಿನಿಂದ ತಡೆಯನ್ನು ಅಳೆದೆವು. ಈ ಜಾತಿಯ ಸೆನ್ಸರುಗಳು ಸಾಮಾನ್ಯವಾಗಿ ೨೦ ಡಿಗ್ರಿಯಲ್ಲಿ ೨ರಿಂದ ೩ ಸಾವಿರ ಓಮು, ೮೦ ಡಿಗ್ರಿಯಲ್ಲಿ ೨೦೦ರಿಂದ ೪೦೦ ಓಮು ತೋರಿಸಬೇಕು. ನಮ್ಮದು ತಣ್ಣೀರಿನಲ್ಲಿ ೨,೩೦೦, ಬಿಸಿನೀರಿನಲ್ಲಿ ೩೧೦ ತೋರಿಸಿತು. ನಾವು ಹಣ ಕೊಟ್ಟು ತೆಗೆಸಿದ ಆ ಹಳೆಯ ಸೆನ್ಸರು ನಿರ್ದೋಷಿಯಾಗಿದ್ದಿತು!

ಕಂಪ್ಯೂಟರಿನ ಪರೀಕ್ಷೆ ಉಳಿಯಿತು. ಎಂಜಿನು ತಣಿದಿರುವಾಗ ಪ್ಲಗ್ಗನ್ನು ಬಿಡಿಸಿ, ಕೀಲಿಯನ್ನು ತಿರುಗಿಸಿ, ತಂತಿಯ ಕಡೆಯ ಎರಡು ಕಡ್ಡಿಗಳ ನಡುವೆ ವೋಲ್ಟನ್ನು ಅಳೆದರೆ ೫ ಇರಬೇಕು. ಆದರೆ ಕಿಲುಬು ಹಿಡಿದ ತಂತಿಯೂ ಈ ೫ನ್ನು ತೋರಿಸಬಹುದಾದ ಕಾರಣ, ಆ ಕಡ್ಡಿಗಳನ್ನು ಕ್ಷಣಕಾಲ ಒಂದು ಸಣ್ಣ ತಂತಿಯಿಂದ ಕೂಡಿಸಿ ನೋಡಬೇಕು. ಸ್ಕ್ಯಾನರಿನ ಅಂಕ ೧೩೦ ಡಿಗ್ರಿಯ ಆಚೆಗೆ ಹಾರಿದರೆ ಕಂಪ್ಯೂಟರೂ ತಂತಿಯೂ ಕ್ಷೇಮ. ನಮ್ಮಲ್ಲಿ ತಂತಿಯನ್ನು ಒಂದು ಕಡೆಗೆ ಬಾಗಿಸಿದಾಗ ಹಾರಿತು, ಬಿಟ್ಟರೆ ಬಿದ್ದಿತು. ಕಂಪ್ಯೂಟರಿನದು ತಪ್ಪಲ್ಲವೆಂಬುದು ಹೀಗೆ ಸಿದ್ಧವಾಯಿತು. ಎರಡೇ ತಂತಿಗಳುಳ್ಳ ತಾಪದ ಸೆನ್ಸರಿಗೆ ಮಾತ್ರ ಈ ಪರೀಕ್ಷೆ; ಮೂರು ತಂತಿಗಳುಳ್ಳ ಯಾವುದನ್ನೂ ಹೀಗೆ ಕೂಡಿಸಕೂಡದು.

ದೋಷವಿದ್ದ ಸ್ಥಳ ಪ್ಲಗ್ಗಿನಿಂದ ಎರಡು ಬೆರಳಿನಷ್ಟು ಹಿಂದೆ. ಮೇಲಿನ ಹೊದಿಕೆ ನೋಟಕ್ಕೆ ಸರಿಯಾಗಿಯೇ ಇದ್ದಿತು. ಒಳಗೆ ತಾಮ್ರದ ಎಳೆಗಳು ಹಸುರು ಕಿಲುಬಿಗೆ ತಿರುಗಿ, ಒಂದೆರಡು ಮಾತ್ರ ಉಳಿದಿದ್ದುವು. ದುರಸ್ತಿಗೆ ಮುಂಚೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದೆವು. ಕೆಟ್ಟ ಭಾಗವನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಅದೇ ದಪ್ಪದ ತಂತಿಯ ತುಂಡನ್ನು ಹೆಣೆದು ಬೆಸುಗೆ ಹಾಕಿ, ಮೊದಲೇ ಪೋಣಿಸಿಟ್ಟಿದ್ದ ಶಾಖಕ್ಕೆ ಕುಗ್ಗುವ ಕೊಳವೆಯನ್ನು ಅದರ ಮೇಲೆ ಸರಿಸಿ ಬಿಗಿಗೊಳಿಸಿದೆವು. ಬರಿಯ ಅಂಟುಪಟ್ಟಿ ಸುತ್ತಿದರೆ ಎಂಜಿನಿನ ಬಿಸಿಗೆ ಅದು ಬಿಚ್ಚಿಕೊಳ್ಳುತ್ತದೆ. ಪ್ಲಗ್ಗಿನ ಕಡ್ಡಿಗಳನ್ನು ಅದಕ್ಕಾಗಿಯೇ ದೊರೆಯುವ ಸ್ಪ್ರೇಯಿಂದ ತೊಳೆದು, ರಬ್ಬರಿನ ಉಂಗುರ ಸರಿಯಾಗಿ ಕುಳಿತಿದೆಯೇ ಎಂದು ನೋಡಿ, ತಂತಿ ಬಿಗಿಯಾಗಿ ಎಳೆಯದಂತೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆವು. ಕೊನೆಗೆ ಸಂಕೇತವನ್ನು ಅಳಿಸಿದೆವು. ದೋಷವನ್ನು ತಿದ್ದದೆ ಸಂಕೇತವನ್ನು ಅಳಿಸುವುದು, ದೂರು ಹೇಳುವವನ ಬಾಯಿ ಮುಚ್ಚಿಸಿದಂತೆ.

ಎಚ್ಚರಿಕೆಯ ಕೆಲವು ಮಾತುಗಳು: ಬಿಸಿಯಾದ ಎಂಜಿನಿನ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಎಂಜಿನು ನಿಂತಿದ್ದರೂ ಫ್ಯಾನು ತಾನಾಗಿ ತಿರುಗಬಹುದೆಂಬುದು ನೆನಪಿರಲಿ. ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಕಿತ್ತಳೆ ಬಣ್ಣದವು ವಿದ್ಯುತ್ ಗಾಡಿಗಳ ಹಾಗೂ ಹೈಬ್ರಿಡ್ ಗಾಡಿಗಳ ಪ್ರಾಣಾಪಾಯಕರವಾದ ತಂತಿಗಳು, ಇವೆರಡನ್ನೂ ಮುಟ್ಟಬಾರದು. ತಾಪದ ಮುಳ್ಳು ನಿಜವಾಗಿಯೂ ಕೆಂಪಿಗೇರಿದರೆ, ಅಥವಾ ಗಾಡಿಗೆ ಇನ್ನೂ ಕಂಪನಿಯ ವಾರಂಟಿಯಿದ್ದರೆ, ಬಲ್ಲವರ ಕೈಗೆ ಒಪ್ಪಿಸುವುದೇ ಕ್ಷೇಮ.

ಗ್ಯಾರೇಜಿನವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಹತ್ತು ಗಾಡಿಗಳು ಕಾದಿರುವಾಗ ತಂತಿಯೊಂದನ್ನು ಅಲುಗಿಸುತ್ತ ಕೂರಲು ಅವರಿಗೆ ವ್ಯವಧಾನವೆಲ್ಲಿ? ಆ ವ್ಯವಧಾನ ಮನೆಯವರಿಗೆ ಉಂಟು. ಕೆಟ್ಟ ವಸ್ತುವನ್ನು ಬದಲಿಸುವ ಮೊದಲು ಅದಕ್ಕೆ ಹೋಗುವ ದಾರಿಯನ್ನು ಒಮ್ಮೆ ನೋಡಬೇಕೆಂಬುದಷ್ಟೇ ವಾಚಕರಲ್ಲಿ ನಮ್ಮ ವಿಜ್ಞಾಪನೆ. ನಮಗೆ ತಗುಲಿದ ವೆಚ್ಚ ಒಂದು ಗೇಣು ತಂತಿ, ಸ್ವಲ್ಪ ಬೆಸುಗೆ, ಒಂದು ಬೆಳಗಿನ ಹೊತ್ತು. ಮರುದಿನವೇ ತಾಯಿಯವರನ್ನು ಶಿವಮೊಗ್ಗೆಗೆ ಕರೆದೊಯ್ದೆವು. ಮಂಡಗದ್ದೆಯಲ್ಲಿ ಕಾಫಿಗೆ ನಿಲ್ಲಿಸಬೇಡಿರೆಂದು ಅವರು ಹೇಳಿದರು. ನಾವು ನಿಲ್ಲಿಸಿದೆವು, ಗಾಡಿಯೂ ಹೊರಟಿತು.