ನಮ್ಮ ಮೈ, ನಮ್ಮ ರಿಸ್ಕು ಅಂತೀರಲ್ಲ, ಟ್ಯಾಂಕ್ ಹೊತ್ತೋನು ಯಾರು?

ಇವತ್ತಿನ ಟಿಪ್ಪಣಿ ಸ್ವಲ್ಪ ಉದ್ದ ಇದೆ, ಸಂಜೆ ನೀರು ಕಟ್ಟಿ ಬಂದ ಮೇಲೆ ಓದಿ. ಕೆಲವರಿಗೆ ಬೇಜಾರೂ ಆಗಬಹುದು. ಆದ್ರೂ ಹೇಳ್ಲೇಬೇಕು ಅನ್ನಿಸ್ತು.

ಹೋದ ವಾರ ಕಗ್ಗಲೀಪುರದ ಟೀ ಅಂಗಡೀಲಿ ನಾಲ್ಕೈದು ಜನ ಕೂತಿದ್ವಿ. ಒಬ್ಬರಿಗೆ ಬನಶಂಕರಿ ಸಿಗ್ನಲ್ ಹತ್ರ ಹೆಲ್ಮೆಟ್ ಇಲ್ಲ ಅಂತ 500 ರೂಪಾಯಿ ದಂಡ ಬಿದ್ದಿತ್ತು. ಸೊಪ್ಪಿನ ಕಟ್ಟು ಮಾರಿ ಬಂದ ದುಡ್ಡು ಅದು. "ತಲೆ ನಂದು, ಒಡೆದ್ರೆ ನಂದು ಒಡೀತದೆ, ಇವ್ರಿಗೇನ್ ನೋವು?" ಅಂದ್ರು. ಎಲ್ಲರೂ ಹೌದು ಹೌದು ಅಂದ್ವಿ. ಮಾತು ಹಾಗೇ ಔಷಧಿ ಕಡೆ ತಿರುಗ್ತು. ಮೊನೊಕ್ರೊಟೊಫಾಸ್ ನಿಲ್ಲಿಸಿದ್ರು, ನಾಳೆ ಕಳೆನಾಶಕಾನೂ ನಿಲ್ಲಿಸ್ತಾರೆ, ಆಮೇಲೆ ನಾವೇನು ಮಂತ್ರ ಹಾಕಿ ಬೆಳೆ ತೆಗೀಬೇಕಾ ಅಂತ. ಕೊನೆಗೆ ಒಬ್ಬರು ಒಂದೇ ಮಾತಲ್ಲಿ ಮುಗಿಸಿದ್ರು: "ನಮ್ಮ ಹೊಲ, ನಮ್ಮ ಮೈ, ನಮ್ಮ ರಿಸ್ಕು. ಸರ್ಕಾರ ಯಾಕೆ ಮಧ್ಯೆ ಬರ್ಬೇಕು?" ಅದಕ್ಕೂ ಎಲ್ಲರೂ ತಲೆ ಆಡಿಸಿದ್ರು. ನಾನು ಆಡಿಸ್ಲಿಲ್ಲ. ಅಲ್ಲಿ ಬಾಯಿ ಬಿಡಕ್ಕೆ ಧೈರ್ಯ ಬರ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಆ ಮಾತಿನಲ್ಲಿರೋ ನ್ಯಾಯ ಒಪ್ಕೋತೀನಿ. ನಮ್ಮನ್ನ ಕಾಪಾಡ್ತೀವಿ ಅಂತ ಬರೋ ಕಾಯಿದೆ ಬಹಳ ಸಲ ನಮ್ಮ ಜೇಬಿಗೆ ಕೈ ಹಾಕುತ್ತೆ. 2016ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಹಿಂದೆ ಕೂತೋರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ರು. 2019ರಲ್ಲಿ ಕೇಂದ್ರ ದಂಡಾನ 1000 ರೂಪಾಯಿಗೆ ಏರಿಸ್ತು, ಜನ ಬೈದ ಮೇಲೆ ನಮ್ಮ ರಾಜ್ಯ 500ಕ್ಕೆ ಇಳಿಸ್ತು. ಅಷ್ಟು ವರ್ಷ ಏನಾಗ್ತಿತ್ತು? ರಸ್ತೆ ಪಕ್ಕ ಪ್ಲಾಸ್ಟಿಕ್ ಬಟ್ಟಲಿನಂಥ ಹೆಲ್ಮೆಟ್ ರಾಶಿ ಹಾಕ್ಕೊಂಡು ಮಾರ್ತಿದ್ರು. ಅದನ್ನ ಹಾಕ್ಕೊಂಡ್ರೆ ಪೊಲೀಸರಿಂದ ಬಚಾವ್, ಬಿದ್ರೆ ತಲೆಗೆ ಏನೂ ಬಚಾವ್ ಇಲ್ಲ. ಐಎಸ್ಐ ಗುರುತು ಇಲ್ಲದ ಹೆಲ್ಮೆಟ್ ತಯಾರಿಸೋದು, ಮಾರೋದೇ ತಪ್ಪು ಅನ್ನೋ ಆದೇಶ ಜಾರಿಗೆ ಬಂದಿದ್ದು 2021ರ ಜೂನ್‌ನಲ್ಲಿ. ಮೊದಲು ಹಾಕ್ಕೊಳ್ಳೋನನ್ನ ಹಿಡಿದ್ರು, ಮಾರೋನ ಕಡೆ ಆಮೇಲೆ ನೋಡಿದ್ರು. ಈ ಕ್ರಮ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಹಾಗಂತ "ತಲೆ ನಂದು" ಅನ್ನೋ ಮಾತು ಪೂರ್ತಿ ನಿಜಾನಾ? ನಿಮ್ಹಾನ್ಸ್ ಎಮರ್ಜೆನ್ಸಿ ಮುಂದೆ ಒಂದು ರಾತ್ರಿ ಕೂತು ನೋಡಿ. ಒಡೆದ ತಲೆ ಒಬ್ಬಂದು. ಬಡ್ಡಿ ಕಟ್ಟೋಳು ಹೆಂಡ್ತಿ, ಕಾಲೇಜು ಬಿಡೋನು ಮಗ. ಆದ್ರೂ ಹೆಲ್ಮೆಟ್ ವಿಷಯದಲ್ಲಿ ಒಂದಂತೂ ಹೌದು, ಗಾಡಿ ಓಡಿಸೋ ತಲೆ ಮತ್ತು ಹೆಲ್ಮೆಟ್ ಬೇಡ ಅಂದ ತಲೆ ಒಂದೇ. ಔಷಧಿ ವಿಷಯದಲ್ಲಿ ಅದೂ ಇಲ್ಲ. ನನ್ನ ಜಗಳ ಇರೋದು ಇಲ್ಲಿ.

ನಂದೇ ಕಥೆ ಹೇಳ್ತೀನಿ, ಬೇರೆಯವರದ್ದು ಬೇಡ. ಹದಿಮೂರು ವರ್ಷದ ಹಿಂದೆ ಒಂದು ಎಕರೆ ಬೀನ್ಸ್ ಹಾಕಿದ್ದೆ. ಹೇನು ಬಿದ್ದಿತ್ತು. ಅಂಗಡಿಗೆ ಹೋಗಿ "ಬೀನ್ಸಿಗೆ ಹೇನು" ಅಂದೆ, ಅವರು ಒಂದು ಬಾಟಲಿ ಇಟ್ರು. ಮೊನೊಕ್ರೊಟೊಫಾಸ್. ಕೆಂಪು ತ್ರಿಕೋನ. ಕೆಂಪು ಅಂದ್ರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಅಂತ ನಾಲ್ಕು ದರ್ಜೆ ಇದೆ ಅನ್ನೋದೂ ಆಗ ನನಗೆ ಗೊತ್ತಿರ್ಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ನನಗೇ ಆ ಚೀಟಿ ಅಕ್ಷರ ಕನ್ನಡಕ ಹಾಕಿದ್ರೂ ಕಾಣ್ತಿರ್ಲಿಲ್ಲ. ಕೂಲಿಗೆ ಬಂದ ಹುಡುಗನ ಬೆನ್ನಿಗೆ ಟ್ಯಾಂಕ್ ಕಟ್ಟಿ, ನಾನು ಹುರುಳಿಕಾಯಿ ಮೂಟೆ ಹಾಕ್ಕೊಂಡು ಕಲಾಸಿಪಾಳ್ಯಕ್ಕೆ ಹೋದೆ. ಮಧ್ಯಾಹ್ನದ ಬಿಸಿಲು. ಅಂಗಿ ಬಿಚ್ಚಿ ಹೊಡೆದಿದ್ದಾನೆ. ವಾಪಸ್ ಬರೋ ಹೊತ್ತಿಗೆ ಬದುವಿನ ಮೇಲೆ ಬಿದ್ದಿದ್ದ. ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಮೈಯೆಲ್ಲ ಬೆವರು. ಆಸ್ಪತ್ರೇಲಿ ಅಟ್ರೋಪಿನ್ ಕೊಟ್ಟು ಉಳಿಸಿದ್ರು. ಡಾಕ್ಟ್ರು ಕೇಳಿದ ಮೊದಲನೇ ಪ್ರಶ್ನೆ "ಮಾಸ್ಕ್ ಹಾಕ್ಕೊಂಡಿದ್ನಾ?" ಅಂತ. ಯಾರೂ "ಈ ಬಾಟಲಿ ಇವನ ಕೈಗೆ ಹೆಂಗೆ ಬಂತು?" ಅಂತ ಕೇಳ್ಲಿಲ್ಲ. ಕೇಳಿದ್ರೆ ನನ್ನ ಹೆಸರು ಹೇಳಬೇಕಿತ್ತು.

ಈಗ ಹೇಳಿ, ಅದು ಯಾರ ರಿಸ್ಕು? ಔಷಧಿ ಆರಿಸಿದ್ದು ಅಂಗಡಿಯವರು. ದುಡ್ಡು ಕೊಟ್ಟಿದ್ದು ನಾನು. ಲಾಭ ಬಂದಿದ್ರೆ ನಂದು. ಮೈ ಮಾತ್ರ ಅವಂದು. ಅವನಿಗೆ ಬಾಟಲಿ ಹೆಸರೂ ಗೊತ್ತಿರ್ಲಿಲ್ಲ. ನಮ್ಮ ಕಡೆ ಇವತ್ತು ಸ್ವಂತ ಬೆನ್ನ ಮೇಲೆ ಟ್ಯಾಂಕ್ ಹೊರೋ ಯಜಮಾನರು ಎಷ್ಟು ಜನ ಇದ್ದೀವಿ? ಎದೆ ಮುಟ್ಕೊಂಡು ಹೇಳಿ. "ನಮ್ಮ ಮೈ, ನಮ್ಮ ರಿಸ್ಕು" ಅಂತ ಟೀ ಕುಡೀತಾ ಹೇಳೋರು ನಾವು, ಮೈ ಕೊಡೋರು ಬೇರೆಯವರು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದು 20ಕ್ಕೂ ಹೆಚ್ಚು ಜನ ಸತ್ರಲ್ಲ, ನೂರಾರು ಜನ ಆಸ್ಪತ್ರೆ ಸೇರಿದ್ರಲ್ಲ, ಅದರಲ್ಲೂ ಬಹಳಷ್ಟು ಜನ ಕೂಲಿಯವರೇ. ಅಲ್ಲೂ ತಪ್ಪು ಸತ್ತೋರದ್ದೇ ಅನ್ನೋ ಮಾತು ಬೇಗ ಬಂತು.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯ್ತು, ಕೇಳಿ ಬೆವರು ಬಂತು. ಮೊನೊಕ್ರೊಟೊಫಾಸನ್ನ ತರಕಾರಿಗೆ ಹೊಡೀಬಾರದು ಅಂತ ಕೇಂದ್ರ ಸರ್ಕಾರ 2005ರಲ್ಲೇ ಆದೇಶ ಮಾಡಿತ್ತು. ಅಂದ್ರೆ ನಾನು ಬೀನ್ಸಿಗೆ ಹೊಡೆಸಿದಾಗ ಆದೇಶ ಬಂದು ವರ್ಷಗಳೇ ಆಗಿದ್ವು. ಯಾಕೆ ನಿಲ್ಲಲಿಲ್ಲ? ಹತ್ತಿಗೆ ಹೊಡೀಬಹುದು ಅಂತ ಬಿಟ್ಟಿದ್ರಿಂದ ಬಾಟಲಿ ಅಂಗಡೀಲಿ ಕೂತೇ ಇತ್ತು. ನಮ್ಮ ಕಡೆ ಹತ್ತಿ ಯಾರು ಬೆಳೀತಾರೆ? ಯಾರೂ ಇಲ್ಲ. ಆದ್ರೂ ಬಾಟಲಿ ಬರ್ತಿತ್ತು, ಹೋಗ್ತಿತ್ತು. ಬಾಟಲಿ ಅಂಗಡೀಲಿ ಬಿಟ್ಟು, "ಇಂಥ ಬೆಳೆಗೆ ಮಾತ್ರ ಹೊಡಿ" ಅಂತ ಹೊಲಕ್ಕೆ ಕಾಯಿದೆ ಕಳಿಸಿದ್ರೆ ಅದು ಕಾಗದದ ಬೇಲಿ. ಯಾವ ಅಧಿಕಾರಿ ಬಂದು ನನ್ನ ಬೀನ್ಸ್ ಸಾಲಲ್ಲಿ ನಿಂತು ನೋಡ್ತಾರೆ?

ಅದಕ್ಕೇ ನನ್ನ ಮಾತು ಇಷ್ಟೇ. ಕಾಯಿದೆ ಬೇಕು. ಆದ್ರೆ ಅದು ಟ್ಯಾಂಕ್ ಹೊತ್ತೋನ ಮೇಲೆ ಬೀಳಬಾರದು, ಕಾರ್ಖಾನೆ ಗೇಟಲ್ಲಿ, ಅಂಗಡಿ ಕೌಂಟರಲ್ಲಿ ನಿಲ್ಲಬೇಕು. "ಗ್ಲೌಸ್, ಮಾಸ್ಕ್, ಗಮ್ ಬೂಟ್ ಹಾಕದೇ ಹೊಡೆದ್ರೆ ದಂಡ" ಅಂತ ನಾಳೆ ಕಾಯಿದೆ ತಂದ್ರೆ ನಾನೇ ಮೊದಲು ಬೀದಿಗೆ ಇಳೀತೀನಿ. ಏಪ್ರಿಲ್ ಬಿಸಿಲಲ್ಲಿ ಆ ರಬ್ಬರ್ ಕೋಟು ಹಾಕ್ಕೊಂಡು ಹತ್ತು ಟ್ಯಾಂಕ್ ಹೊಡೆದು ತೋರಿಸಿ, ಆಮೇಲೆ ಕಾಯಿದೆ ಬರೀರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರ ನೀತಿಸಂಹಿತೇಲೇ ಇದೆ: ಹಾಕ್ಕೊಳ್ಳಕ್ಕೆ ಕಷ್ಟವಾದ, ದುಬಾರಿಯಾದ ರಕ್ಷಣಾ ಉಡುಪು ಬೇಕಾಗೋ ಔಷಧಿಗಳನ್ನ ಬಿಸಿ ಹವೆಯ ಊರುಗಳಲ್ಲಿ, ಸಣ್ಣ ರೈತರ ಕೈಗೆ ಕೊಡದೇ ಇರೋದು ಮೇಲು ಅಂತ. ನಾವು ಅದನ್ನ ತಿರುಗಿಸಿ ಹಿಡ್ಕೊಂಡಿದ್ದೀವಿ.

ಕೆಲವರು ಹೇಳ್ತಾರೆ, ಯಾವ ಕಾಯಿದೆಯಿಂದಾನೂ ಏನೂ ಆಗಲ್ಲ ಅಂತ. ಹಾಗಲ್ಲ. ಪಕ್ಕದ ಶ್ರೀಲಂಕಾ ನೋಡಿ. ಅದೊಂದೇ ದೇಶದಲ್ಲಿ ಒಳ್ಳೆ ಕಾಯಿದೆಗೂ ಉದಾಹರಣೆ ಇದೆ, ಕೆಟ್ಟ ಕಾಯಿದೆಗೂ ಇದೆ. ಅಲ್ಲಿ 1980ರ ದಶಕದಿಂದ ಒಂದೊಂದಾಗಿ ಅತಿ ವಿಷದ ಕೀಟನಾಶಕಗಳನ್ನ ನಿಲ್ಲಿಸ್ತಾ ಬಂದ್ರು, 1995ರಲ್ಲಿ ಆ ದರ್ಜೆಯವು ಹೆಚ್ಚುಕಡಿಮೆ ಎಲ್ಲಾ ನಿಂತ್ವು. ರೈತರನ್ನ ಹಿಡೀಲಿಲ್ಲ, ಬಾಟಲೀನೇ ಬರದಂಗೆ ಮಾಡಿದ್ರು. ಮುಂದಿನ 20 ವರ್ಷದಲ್ಲಿ ಅಲ್ಲಿ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70 ಇಳೀತು, ಸುಮಾರು 93,000 ಜೀವ ಉಳೀತು ಅಂತ ಅಂದಾಜು. ಇಳುವರಿ ಬೀಳ್ಲಿಲ್ಲ, ಯಾಕಂದ್ರೆ ಕಡಿಮೆ ವಿಷದ ಬೇರೆ ಔಷಧಿ ಸಿಗ್ತಿತ್ತು.

ಅದೇ ಶ್ರೀಲಂಕಾ 2021ರಲ್ಲಿ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರವೇ ಬೇಡ ಅಂತ ಆಮದು ನಿಲ್ಲಿಸ್ತು. ಭತ್ತ, ಟೀ ಎರಡೂ ಮಲಗಿದ್ವು, ರೈತರು ಬೀದಿಗೆ ಬಂದ್ರು, ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ಹಿಂದೆ ಸರೀತು. ಮೊದಲನೇ ಸಲ ಅತಿ ಕೆಟ್ಟದ್ದನ್ನ ಆರಿಸಿ, ಬದಲಿ ಇಟ್ಕೊಂಡು, ನಿಧಾನಕ್ಕೆ ತೆಗೆದ್ರು. ಎರಡನೇ ಸಲ ರೈತನ ಕೈಯಲ್ಲಿ ಏನೂ ಕೊಡದೇ ಎಲ್ಲಾ ಕಿತ್ಕೊಂಡ್ರು. "ಸರ್ಕಾರ ಮಧ್ಯೆ ಬರಬಾರದು" ಅನ್ನೋರು ಯಾವಾಗಲೂ ಎರಡನೇ ಕಥೆ ಹೇಳ್ತಾರೆ, ಮೊದಲನೇದು ಹೇಳಲ್ಲ.

ಆತ್ಮಹತ್ಯೆ ಮಾತು ಬಂತು, ಒಂದು ಹೇಳಿ ಮುಂದೆ ಹೋಗ್ತೀನಿ. "ಸಾಯಬೇಕು ಅಂದೋನು ಹೆಂಗಾದ್ರೂ ಸಾಯ್ತಾನೆ" ಅಂತೀವಲ್ಲ, ಅದು ಸುಳ್ಳು ಅಂತ ಆ ಲೆಕ್ಕವೇ ಹೇಳುತ್ತೆ. ಸಾಲದೋನು ಮನೆ ಮುಂದೆ ಕೂಗಾಡಿ ಹೋದ ಆ ಒಂದು ಗಳಿಗೆ ದಾಟಿದ್ರೆ ಮನುಷ್ಯ ಬದುಕ್ತಾನೆ. ಆ ಗಳಿಗೇಲಿ ಮನೆ ಮೂಲೇಲಿ ಏನಿದೆ ಅನ್ನೋದೇ ಲೆಕ್ಕ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕಕ್ಕೆ ಪ್ರತಿಮದ್ದೇ ಇಲ್ಲ, ಕೇರಳ 2011ರಲ್ಲೇ ಅದನ್ನ ನಿಲ್ಲಿಸ್ತು. ಯಾರಿಗಾದ್ರೂ ಮನಸ್ಸು ಕೆಟ್ಟಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ವಿಷ ಬೇಲಿ ದಾಟಲ್ಲ ಅನ್ನೋದೂ ಸುಳ್ಳೇ. ಕಾಸರಗೋಡಿನ ನಮ್ಮ ಕನ್ನಡದ ಊರುಗಳು, ಪಡ್ರೆ, ಸ್ವರ್ಗ, ಎಣ್ಮಕಜೆ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಸುರಿದ್ರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಸುರಿದ್ರು. ಹುಟ್ಟಿದ ಮಕ್ಕಳು ಯಾವ ರಿಸ್ಕು ಒಪ್ಕೊಂಡಿದ್ವು? ನಮ್ಮ ರಾಜ್ಯ ನಿಲ್ಲಿಸಿದ್ದು 2011ರ ಫೆಬ್ರವರಿ, ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಲ್ಲಿಸಿದ್ದು ಅದೇ ವರ್ಷ ಮೇ 13. ಎಂಡೋಸಲ್ಫಾನ್ ಇಲ್ದೇ ಗೇರು ಇವತ್ತೂ ಬೆಳೀತಿದೆ. 2013ರಲ್ಲಿ ಬಿಹಾರದಲ್ಲಿ ಶಾಲೆ ಬಿಸಿಯೂಟ ತಿಂದು 23 ಮಕ್ಕಳು ಸತ್ತಿದ್ದೂ ಮೊನೊಕ್ರೊಟೊಫಾಸ್ ಇದ್ದ ಡಬ್ಬದಿಂದ. ನಮ್ಮ ಎಷ್ಟು ಮನೇಲಿ ಖಾಲಿ ಡಬ್ಬ ತೊಳೆದು ನೀರಿಗೆ, ಎಣ್ಣೆಗೆ ಇಟ್ಟಿಲ್ಲ? ಈಗಂತೂ ಕನಕಪುರ ರಸ್ತೆ ಉದ್ದಕ್ಕೂ ಹೊಲದ ಬೇಲಿ ಆಚೆ ಅಪಾರ್ಟ್‌ಮೆಂಟು. ನಮ್ಮ ಇಟ್ಟಮಡು ಕಡೆ ಹೊಲ ಹೋಗಿ ಸೈಟೇ ಆಯ್ತು. ಗಾಳಿಗೆ ಸರ್ವೇ ನಂಬರ್ ಗೊತ್ತಾ?

ಸರ್ಕಾರಕ್ಕೂ ಬೈಯ್ಯಬೇಕು, ಬಿಡಲ್ಲ. ಕೀಟನಾಶಕ ಕಾಯಿದೆ ಬಂದಿದ್ದು 1968ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, 1958ರಲ್ಲಿ, ಹಡಗಲ್ಲಿ ಗೋಧಿ ಹಿಟ್ಟಿನ ಜೊತೆ ಇಟ್ಟಿದ್ದ ಪ್ಯಾರಾಥಿಯಾನ್ ಸೋರಿ, ಆ ಹಿಟ್ಟು ತಿಂದು ಕೇರಳದಲ್ಲಿ 100ಕ್ಕೂ ಹೆಚ್ಚು ಜನ ಸತ್ತಿದ್ರು. ಹೆಣ ಬಿದ್ದ ಮೇಲೆ ಕಾಯಿದೆ, ಅದೂ ಹತ್ತು ವರ್ಷ ತಡವಾಗಿ. ಚಾಳಿ ಇನ್ನೂ ಹೋಗಿಲ್ಲ. 2020ರ ಮೇ ತಿಂಗಳಲ್ಲಿ 27 ಔಷಧಿ ನಿಲ್ಲಿಸ್ತೀವಿ ಅಂತ ಕರಡು ಹೊರಡಿಸಿದ್ರು. 2023ರಲ್ಲಿ ಆದೇಶ ಬಂದಾಗ ಆ ಪಟ್ಟಿಯಿಂದ ನಿಂತಿದ್ದು ಬೆರಳೆಣಿಕೆಯಷ್ಟು. ಮಧ್ಯೆ ಗಲಾಟೆ ಆದಾಗ ನಮ್ಮ ಹೆಸರೇ ಮುಂದಿಟ್ರು, "ರೈತರಿಗೆ ನಷ್ಟ ಆಗುತ್ತೆ" ಅಂತ. ಟೊಮೊಟೊ ಕೆಜಿಗೆ ಎರಡು ರೂಪಾಯಿ ಆದಾಗ ಇವರ್ಯಾರೂ ನಮ್ಮ ನಷ್ಟ ಕೇಳಕ್ಕೆ ಬರಲ್ಲ. ಬಾಟಲಿ ನಿಲ್ಲುತ್ತೆ ಅಂದಾಗ ಮಾತ್ರ ರೈತ ನೆನಪಾಗ್ತಾನೆ.

ಹಾಗಾದ್ರೆ ನಾವು ಕೇಳಬೇಕಾದ್ದು ಏನು? ಒಂದು, ಕೆಂಪು ತ್ರಿಕೋನದ್ದು ಅಂಗಡಿಗೇ ಬರಬಾರದು. ಎರಡು, ಯಾವುದನ್ನ ನಿಲ್ಲಿಸ್ತಾರೋ ಅದರ ಬದಲಿಗೆ ಏನು ಹೊಡೀಬೇಕು ಅಂತ ಅದೇ ದಿನ ರೈತ ಸಂಪರ್ಕ ಕೇಂದ್ರದಲ್ಲಿ ಹೇಳಬೇಕು, ಬೆಲೆ ಜಾಸ್ತಿ ಇದ್ರೆ ವ್ಯತ್ಯಾಸ ತುಂಬಬೇಕು. ಮೂರು, ಈ ಬೆಳೆಗೆ ಅಲ್ಲದ್ದನ್ನ ಮಾರಿದ್ರೆ ಅಂಗಡಿ ಲೈಸೆನ್ಸ್ ಹೋಗಬೇಕು, ಕೂಲಿಯವನಿಗೆ ದಂಡ ಬೇಡ. ನಾಲ್ಕು, ಹೊಡೆಯುವಾಗ ಬಿದ್ದೋರಿಗೆ ಆಸ್ಪತ್ರೆ ಖರ್ಚು, ಕೂಲಿ ಎರಡೂ ಸಿಗಬೇಕು, ಮಾಸ್ಕ್ ಹಾಕಿದ್ರೋ ಇಲ್ವೋ ಅಂತ ಕೇಳದೇ.

ಅದು ಬರೋವರೆಗೆ ಕೈ ಕಟ್ಟಿ ಕೂರಕ್ಕಾಗಲ್ಲ. ನನ್ನ ಹೊಲದಲ್ಲಿ ನಾನು ಮಾಡ್ಕೊಂಡಿರೋ ಕಾಯಿದೆ ಮೂರು. ಕೆಂಪು ತ್ರಿಕೋನ ಒಳಗೆ ಬರಲ್ಲ. ಬಾಟಲಿ ಬೀಗದ ಪೆಟ್ಟಿಗೇಲಿ, ಖಾಲಿಯಾದ್ರೆ ತೂತು ಮಾಡಿ ಬಿಸಾಕೋದು. ಮತ್ತೆ, ಹೊಡೀಬೇಕು ಅಂತ ನಿರ್ಧಾರ ಮಾಡಿದೋನೇ ಹೊಡೀಬೇಕು. ಈ ಮೂರನೇದು ಬಂದ ಮೇಲೆ ನಾನು ಔಷಧಿ ಹೊಡೆಯೋದೇ ಅರ್ಧಕ್ಕೆ ಇಳಿದಿದೆ. ಟ್ಯಾಂಕ್ ಸ್ವಂತ ಬೆನ್ನ ಮೇಲೆ ಬಂದಾಗ ನಿಜವಾಗ್ಲೂ ಬೇಕಾ ಅಂತ ಎರಡು ಸಲ ಯೋಚನೆ ಬರುತ್ತೆ.

ಆ ಹುಡುಗ ಈಗ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗ್ತಾನೆ. ಹಬ್ಬಕ್ಕೆ ಸಿಕ್ಕಾಗ ನಗ್ತಾನೆ, ನನ್ನನ್ನ ಒಂದು ಮಾತೂ ಅಂದಿಲ್ಲ. ಟೀ ಅಂಗಡೀಲಿ "ನಮ್ಮ ಮೈ" ಅಂದಾಗ ನನಗೆ ಅವನ ಮುಖವೇ ಕಂಡಿದ್ದು. ನನ್ನ ಮಾತು ತಪ್ಪು ಅನ್ನಿಸಿದೋರು ಕೆಳಗೆ ಬರೀರಿ, ಜಗಳ ಮಾಡೋಣ. ಆದ್ರೆ ಬರೆಯೋ ಮುಂಚೆ, ಕಳೆದ ಸಲ ನಿಮ್ಮ ಹೊಲದಲ್ಲಿ ಟ್ಯಾಂಕ್ ಹೊತ್ತೋರು ಯಾರು ಅನ್ನೋದನ್ನೂ ಜೊತೆಗೆ ಬರೀರಿ.