ಕಂಬ ಹತ್ತಿದವರ ಪಾಲು

2018ರ ಅಕ್ಟೋಬರ್ 17ರಂದು ರಿಲಯನ್ಸ್ ಇಂಡಸ್ಟ್ರೀಸ್ ಎರಡು ಕೇಬಲ್ ಕಂಪನಿಗಳನ್ನು ಒಟ್ಟಿಗೇ ಕೈವಶ ಮಾಡಿಕೊಳ್ಳುವುದಾಗಿ ಪ್ರಕಟಿಸಿತು. ಹಾಥ್‌ವೇಯ ಶೇ 51.3ರಷ್ಟು ಪಾಲಿಗೆ 2,940 ಕೋಟಿ ರೂಪಾಯಿ, ಡೆನ್‌ನ ಶೇ 66ಕ್ಕೆ 2,290 ಕೋಟಿ. ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್ ಹರಿಸಿದ ಮೊದಲಿಗರಲ್ಲಿ ಹಾಥ್‌ವೇ ಒಂದು. ಡಯಲ್‌ಅಪ್ ಮೋಡೆಮ್ಮಿನ ಕಿರಿಚಾಟಕ್ಕೆ ಬೇಸತ್ತಿದ್ದ ಬೆಂಗಳೂರಿನ ಎಷ್ಟೋ ಮನೆಗಳಿಗೆ ಅದು ಬಿಡುಗಡೆಯಂತೆಯೇ ಬಂದಿತ್ತು. ಆದರೂ ಮಾರಾಟದ ಹೊತ್ತಿಗೆ ಅದರ ಬ್ರಾಡ್‌ಬ್ಯಾಂಡ್ ಗ್ರಾಹಕರು ಸುಮಾರು 8 ಲಕ್ಷ, ಅಷ್ಟೆ. ಮೊಬೈಲ್‌ನಲ್ಲಿ ಕೋಟಿಗಳ ಲೆಕ್ಕದಲ್ಲಿ ಗ್ರಾಹಕರಿದ್ದ ರಿಲಯನ್ಸ್‌ನ ಜಿಯೋಗೆ ಇದೇನು ಮಹಾ?

ಉತ್ತರ ರಿಲಯನ್ಸ್‌ನ ಪ್ರಕಟಣೆಯಲ್ಲೇ ಇತ್ತು: ಈ ಎರಡು ಕಂಪನಿಗಳ ಜೊತೆಗಿದ್ದ 27,000 ಸ್ಥಳೀಯ ಕೇಬಲ್ ಆಪರೇಟರುಗಳು. ಊರಿಂದೂರಿಗೆ ಫೈಬರ್ ಎಳೆಯುವುದು ದುಡ್ಡಿದ್ದವರಿಗೆ ಕಷ್ಟವಲ್ಲ. ಬೀದಿಯಿಂದ ಮನೆಯೊಳಕ್ಕೆ ಹೋಗುವ ಕೊನೆಯ ನೂರು ಮೀಟರಿನಲ್ಲೇ ಎಲ್ಲ ತಕರಾರು. ರಸ್ತೆ ಅಗೆಯಲು ಪಾಲಿಕೆ ಒಪ್ಪಬೇಕು, ಒಳಗೆ ಬಿಡಲು ಅಪಾರ್ಟ್‌ಮೆಂಟಿನ ಸಂಘ ಒಪ್ಪಬೇಕು. ಆ ನೂರು ಮೀಟರನ್ನು ಕೇಬಲ್‌ನವನು ಎಂದೋ ಗೆದ್ದಿದ್ದ. ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ನೋಂದಣಿ ಮಾಡಿಸಿಕೊಂಡು, ಹೆಗಲಿಗೆ ಕಪ್ಪು ವೈರಿನ ಸುರುಳಿ ಏರಿಸಿ, ಒಬ್ಬರ ತಾರಸಿಯಿಂದ ಇನ್ನೊಬ್ಬರ ತೆಂಗಿನಮರಕ್ಕೆ, ಅಲ್ಲಿಂದ ಬೆಸ್ಕಾಂ ಕಂಬಕ್ಕೆ ಎಳೆದಿದ್ದ. ಅವನೇನು ಸಾಧುವಲ್ಲ. ರಸೀದಿ ಕೇಳಿದರೆ ಮುಖ ಗಂಟಿಕ್ಕಿದವನೂ ಅವನೇ, ಸಾಲುಮರಗಳಿಗೆ ವೈರು ಸುತ್ತಿ ಬಿಟ್ಟುಹೋದವನೂ ಅವನೇ. ಆದರೆ ಮಳೆಯ ರಾತ್ರಿ ಲೈನು ಹೋದರೆ ಏಣಿ ಹೊತ್ತು ಬಂದವನು ಬೇರೆ ಯಾರೂ ಅಲ್ಲ.

ಆ ಐದು ಸಾವಿರ ಚಿಲ್ಲರೆ ಕೋಟಿಯಲ್ಲಿ ಬಹುಪಾಲು ಹೊಸ ಷೇರುಗಳ ಬೆಲೆಯಾಗಿ ಕಂಪನಿಗಳ ಖಾತೆಗೆ ಹೋಯಿತು, ಸ್ವಲ್ಪ ಡೆನ್‌ನ ಪ್ರವರ್ತಕರಿಗೆ. ಷೇರೇ ಇಲ್ಲದ ಆಪರೇಟರಿಗೆ ಬರುವ ಮಾತೆಲ್ಲಿ? ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪಿಲ್ಲ. ತಕರಾರಿರುವುದು ಆ ಕಾನೂನಿನ ಮೇಲೆಯೇ.

ಟಿವಿಯ ನೆಟ್‌ವರ್ಕ್ ಶುಲ್ಕದ ಹಂಚಿಕೆಯಲ್ಲಿ ಮಾತುಕತೆ ಕುದುರದಿದ್ದರೆ ಕಂಪನಿಗೆ 55, ಆಪರೇಟರಿಗೆ 45 ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲೇ ಗೊತ್ತುಮಾಡಿದೆ. ಅದೇ ಕಂಬದ ಮೇಲೆ ಇಂಟರ್ನೆಟ್ ಹರಿಯುವಾಗಲೂ ಇಂಥ ಒಂದು ಕನಿಷ್ಠ ಪಾಲು ಬರಹದಲ್ಲಿರಬೇಕು. ಕಂಪನಿ ಕೈ ಬದಲಾದರೂ ಹಳೆಯ ಕರಾರಿಗೆ ಹೊಸ ಮಾಲೀಕ ಬದ್ಧನಾಗಿರಬೇಕು. ಇಂಥದೇ ಇನ್ನೊಂದು ಮಾರಾಟ ಪ್ರಕಟವಾಗುವ ಮೊದಲೇ ಟ್ರಾಯ್ ಇದನ್ನು ಮಾಡಲಿ.