ವೇಗಕ್ಕಿಂತ ಲೆಕ್ಕ ದೊಡ್ಡದು

ಶಹಾಪುರದಲ್ಲಿ ನಮ್ಮ ಭಾಯಿಜಾನ್ ಅವರದು ಜೆರಾಕ್ಸ್ ಅಂಗಡಿ. ಅಲ್ಲಿನ ಕಂಪ್ಯೂಟರ್ ಈ ವರ್ಷ ಬಹಳ ಕಾಡಿಸಿತು. ಸಗರದಿಂದ ಬಂದ ಹುಡುಗಿಯರ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಅರ್ಧಕ್ಕೇ ನೀಲಿ ಪರದೆ. ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿದರೂ ಅದೇ ಗೋಳು. ರಿಪೇರಿಯವರು "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂದರು. ಅಬ್ಬಾ ಸಾಲದ ಮಾತೆತ್ತಿದರು.

ನಾನು ಮೆಮ್‌ಟೆಸ್ಟ್86 ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ತಪ್ಪುಗಳ ಸಾಲು. ಒಳಗೆ ಬೇರೆ ಬೇರೆ ಕಂಪನಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಚಾಲೂ, ವೇಗ 3200. ಎಕ್ಸ್‌ಎಂಪಿ ಬಂದ್ ಮಾಡಿದೆ, ವೇಗ 2666ಕ್ಕೆ ಇಳಿಯಿತು. ಮತ್ತೆ ಪರೀಕ್ಷಿಸಿದರೆ ತಪ್ಪು ಸೊನ್ನೆ. ಖರ್ಚೂ ಸೊನ್ನೆ.

"3200ಕ್ಕೆ ದುಡ್ಡು ಕೊಟ್ಟು 2666ರಲ್ಲಿ ಯಾಕೆ ಓಡಿಸಬೇಕು?" ಎಂದು ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ಎಕ್ಸ್‌ಎಂಪಿಯನ್ನು ಇಂಟೆಲ್ ಕಂಪನಿಯೇ ಓವರ್‌ಕ್ಲಾಕಿಂಗ್ ಎನ್ನುತ್ತದೆ. ಜೋಡಿಯಲ್ಲದ ಸ್ಟಿಕ್‌ಗಳಲ್ಲಿ ಆ ವೇಗಕ್ಕೆ ಖಾತ್ರಿಯಿಲ್ಲ. ಅರ್ಜಿ, ಟ್ಯಾಲಿ, ಪ್ರಿಂಟ್ ಕೆಲಸದಲ್ಲಿ ಈ ವ್ಯತ್ಯಾಸ ಕಣ್ಣಿಗೂ ಕಾಣದು. ರ‍್ಯಾಮ್ ಒಂದು ಅಂಕಿ ತಪ್ಪಿಸಿದರೆ ಮಾತ್ರ ಫೈಲೇ ಕೆಡಬಹುದು. ಕಾಮರ್ಸ್ ಓದುವ ನಮಗೆ ಗೊತ್ತು: ಬೇಗ ಬರೆದು ತಾಳೆಯಾಗದ ಲೆಕ್ಕಕ್ಕೆ ಅಂಕವಿಲ್ಲ.

ನಮ್ಮ ಲ್ಯಾಬಿನಲ್ಲಿ ಮೂಲೆಗಿಟ್ಟ ಯಂತ್ರಗಳನ್ನೂ ಗುಜರಿಗೆ ಹಾಕುವ ಮೊದಲು ಒಂದು ರಾತ್ರಿ ಹೀಗೆ ಪರೀಕ್ಷಿಸಬೇಕೆಂದು ಸರ್ ಅವರಲ್ಲಿ ನನ್ನ ವಿನಂತಿ. ಹಳೆಯ ಸೆಟ್ಟಿಂಗ್ ಬರೆದಿಟ್ಟುಕೊಂಡೇ ಬದಲಿಸೋಣ. ವೇಗ ಇಳಿಸಿದರೂ ತಪ್ಪು ನಿಲ್ಲದಿದ್ದರೆ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ನೋಡೋಣ. ಹೊಸದರ ಮಾತು ಆಮೇಲೆ.